ಮೊದಲ ಹಾಯಿಹಡಗಿನ ಕಿಟ್ ಕೊಳ್ಳುವ ಮುನ್ನ ಅದರ ಮೂತಿ ನೋಡಿ

ಮರದ ಹಾಯಿಹಡಗಿನ ಮಾದರಿ ಕಟ್ಟಬೇಕು ಅಂತ ಮನಸ್ಸು ಮಾಡಿದವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಎಚ್‌ಎಂಎಸ್ ವಿಕ್ಟರಿ ಅನ್ನುವ ಹಳೆಯ ಬ್ರಿಟಿಷ್ ಯುದ್ಧನೌಕೆಯನ್ನು. ಅದರ ಚೆಲುವೇ ಹಾಗಿದೆ, ತಪ್ಪು ಯಾರದೂ ಅಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮೂರು ಕಂಬ, 104 ತೋಪು. 1:72 ಅಳತೆಯಲ್ಲಿ, ಅಂದರೆ ನಿಜವಾದ ಹಡಗಿನ 72ರಲ್ಲಿ ಒಂದು ಪಾಲಿಗೆ ಕಟ್ಟಿದರೆ ಬರೀ ಒಡಲೇ ಸುಮಾರು 96 ಸೆಂ.ಮೀ.; ಮುಂದೆ ಚಾಚಿದ ಬೋಸ್ಪ್ರಿಟ್ ಕಂಬ ಸೇರಿದರೆ ಒಂದು ಮೀಟರು ದಾಟಿ ಇನ್ನೂ ಮುಂದಕ್ಕೆ ಹೋಗುತ್ತದೆ. ಕೆಳಗಿನ ಡೆಕ್‌ಗಳ ತೋಪುಗಳಿಗೆ ಕಿಟ್‌ನವರು ಸಾಮಾನ್ಯವಾಗಿ ಕೊಳವೆಯ ಬಾಯಿ ಮಾತ್ರ ಕೊಟ್ಟು ಕೆಲಸ ಕಮ್ಮಿ ಮಾಡಿರುತ್ತಾರೆ. ಹಾಗಿದ್ದರೂ ಹಗ್ಗದ ಗಂಟುಗಳೇ ಸಾವಿರಾರು. ಸಂಜೆಗೆ ಒಂದು ಗಂಟೆ ಕೂರುವವರಿಗೆ ಇದು ವರ್ಷಗಟ್ಟಲೆ ಕೆಲಸ. ಒಡಲಿಗೆ ಹಲಗೆ ಕೂರಿಸುವಾಗ ಮೂತಿಯ, ಅಂದರೆ ಹಡಗಿನ ಮುಂದಿನ ತುದಿಯ, ಹತ್ತಿರ ಒಮ್ಮೆ ಕೆಟ್ಟರೆ ಉತ್ಸಾಹ ಅಲ್ಲೇ ಇಳಿಯುತ್ತದೆ, ಪೆಟ್ಟಿಗೆ ಅಟ್ಟ ಸೇರುತ್ತದೆ.

ಮೊದಲ ಕಿಟ್‌ಗೆ ಹೆಸರು ನೋಡಬೇಡಿ, ತೋಪು ನೋಡಬೇಡಿ, ಪೆಟ್ಟಿಗೆಯ ಮೇಲಿನ ಚಿತ್ರವನ್ನಂತೂ ನೋಡಲೇಬೇಡಿ. ಒಡಲಿನ ಆಕಾರ ನೋಡಿ. ಅದರಲ್ಲೂ ಮೂತಿ ನೋಡಿ. ಹಲಗೆ ಕೂರಿಸುವ ಕೆಲಸ ಎಷ್ಟು ಕಷ್ಟ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ, ಮತ್ತು ಹೆಚ್ಚಿನ ಮೊದಲ ಹಡಗುಗಳು ನಿಂತುಹೋಗುವುದೂ ಅಲ್ಲೇ.

ಕಿಟ್‌ಗಳ ಜಾತಿ ಯಾವ್ಯಾವುದು ಅಂತ ಬೇಗ ಹೇಳಿಬಿಡುತ್ತೇನೆ. ರೆವೆಲ್, ಹೆಲರ್, ಏರ್‌ಫಿಕ್ಸ್‌ನಂಥ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಒಡಲು ತಯಾರಾಗಿಯೇ ಬರುತ್ತದೆ, ಕಲಿಯುವುದು ಬಣ್ಣ ಮತ್ತು ಹಗ್ಗದ ಕೆಲಸ. ಘನ ಒಡಲಿನ ಕಿಟ್‌ನಲ್ಲಿ ಒಂದೇ ಮರದ ತುಂಡನ್ನು ಯಂತ್ರದಲ್ಲಿ ಅಂದಾಜು ಆಕಾರಕ್ಕೆ ಕೆತ್ತಿ ಕಳಿಸಿರುತ್ತಾರೆ. ರಟ್ಟಿನ ಅಳತೆಪಟ್ಟಿ ಹಿಡಿದುಕೊಂಡು ಉಳಿದದ್ದನ್ನು ನಾವು ಉಜ್ಜಿ ತೀಡಬೇಕು. ಮಾಡೆಲ್ ಶಿಪ್‌ವೇಸ್‌ನವರ ಫ್ಯಾಂಟಮ್ ಅನ್ನುವ ನ್ಯೂಯಾರ್ಕಿನ ಪೈಲಟ್ ದೋಣಿ (ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರುವವರನ್ನು ಒಯ್ಯುವ ದೋಣಿ, 1:96) ಇದಕ್ಕೆ ಒಳ್ಳೆಯ ಉದಾಹರಣೆ. ಇನ್ನು ಉಳಿದದ್ದು, ಇವತ್ತು ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಇರುವುದು, ಬಲ್ಕ್‌ಹೆಡ್ ಮೇಲೆ ಹಲಗೆ ಹೊದಿಸುವ ಬಗೆ. ಪ್ಲೈವುಡ್ಡಿನ ಬೆನ್ನೆಲುಬು, ಅದಕ್ಕೆ ಅಡ್ಡಡ್ಡ ಸಿಕ್ಕಿಸಿದ, ಒಡಲಿನ ಅಡ್ಡಸೀಳಿನ ಆಕಾರದ ಚಪ್ಪಟೆ ತುಂಡುಗಳು (ಇವೇ ಬಲ್ಕ್‌ಹೆಡ್‌ಗಳು), ಅವುಗಳ ಮೇಲೆ ಉದ್ದಕ್ಕೂ ಮರದ ಪಟ್ಟಿಗಳು. ಮುಂದೆ ಬರೆಯುವುದೆಲ್ಲ ಹೆಚ್ಚಾಗಿ ಇದರ ಬಗ್ಗೆಯೇ.

ಇದರಲ್ಲಿ ಒಂದು ಹೊದಿಕೆಯದು, ಎರಡು ಹೊದಿಕೆಯದು ಅಂತ ಎರಡು ಬಗೆ. ಮೊದಲ ಕಿಟ್‌ಗೆ ಎರಡು ಹೊದಿಕೆಯದೇ ಇರಲಿ. ಮೊದಲ ಪದರ ಸಾಮಾನ್ಯವಾಗಿ 1.5 ಮಿ.ಮೀ. ದಪ್ಪ, 5 ಮಿ.ಮೀ. ಅಗಲದ ಲೈಮ್ ಅಥವಾ ಬಾಸ್‌ವುಡ್ ಪಟ್ಟಿ. ಅದು ಯಾರಿಗೂ ಕಾಣುವುದಿಲ್ಲ. ತಗ್ಗಾದ ಕಡೆ ಪುಟ್ಟಿ ತುಂಬಿ, ಉಬ್ಬಿದ ಕಡೆ ಉಜ್ಜಿ ನಯ ಮಾಡಿಕೊಂಡು, ಅದರ ಮೇಲೆ ಅರ್ಧದಿಂದ ಒಂದು ಮಿ.ಮೀ. ದಪ್ಪದ ವಾಲ್‌ನಟ್ ಅಥವಾ ಪೇರ್‌ವುಡ್‌ನ ಎರಡನೆಯ ಪದರ ಅಂಟಿಸುತ್ತೀರಿ. ಒಂದೇ ಒಡಲಿನ ಮೇಲೆ ಎರಡು ಸಲ ಕೈ ಪಳಗುತ್ತದೆ. ಒಂದೇ ಹೊದಿಕೆಯ ಕಿಟ್‌ನಲ್ಲಿ ಮೊದಲ ಸಲ ಆದ ತಪ್ಪೇ ಕಡೆಯವರೆಗೂ ಕಣ್ಣಿಗೆ ರಾಚುತ್ತದೆ.

ಈಗ ಮೂತಿಯ ವಿಷಯ. ಪಟ್ಟಿಗಳೆಲ್ಲ ಒಂದೇ ಅಗಲ, ಹಡಗು ಒಂದೇ ಸುತ್ತಳತೆಯದಲ್ಲ, ತೊಂದರೆ ಇರುವುದು ಇಲ್ಲಿ. ನಟ್ಟನಡುವಿನ ಬಲ್ಕ್‌ಹೆಡ್‌ನ ಅಂಚನ್ನು ಡೆಕ್‌ನಿಂದ ತಳದ ಉದ್ದಮರವಾದ ಕೀಲ್‌ವರೆಗೆ ಒಂದು ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 80 ಮಿ.ಮೀ. ಬಂತು ಅನ್ನಿ. 5 ಮಿ.ಮೀ. ಪಟ್ಟಿಯಾದರೆ ಒಂದು ಬದಿಗೆ 16 ಪಟ್ಟಿ. ಇದೇ 16 ಪಟ್ಟಿ ಮೂತಿಯ ಬಲ್ಕ್‌ಹೆಡ್‌ನಲ್ಲೂ ಹಿಡಿಯಬೇಕು. ಅಲ್ಲಿ ಅಂಚು 48 ಮಿ.ಮೀ. ಇದ್ದರೆ 48ನ್ನು 16ರಿಂದ ಭಾಗಿಸಿ: ಒಂದೊಂದಕ್ಕೂ 3 ಮಿ.ಮೀ. ಹಾಗಾಗಿ ಪ್ರತಿ ಪಟ್ಟಿಯನ್ನೂ ನಡುವಿನಿಂದ ಮೂತಿಯ ಕಡೆಗೆ 5ರಿಂದ 3 ಮಿ.ಮೀ.ಗೆ ಸಣ್ಣಗೆ ಹೆರೆಯಬೇಕು. ಈ ಹೆರೆಯುವ ಕೆಲಸ ಬಿಟ್ಟು ಪೂರ್ತಿ ಅಗಲದ ಪಟ್ಟಿಯನ್ನೇ ಬಗ್ಗಿಸಿ ಕೂರಿಸಲು ಹೋದರೆ, ಪಟ್ಟಿ ಅಡ್ಡಕ್ಕೆ ಬಾಗಲು ಒಪ್ಪದೆ ಒಂದು ಅಂಚು ಮೇಲಕ್ಕೆ ಏಳುತ್ತದೆ. ಒಡಲು ಮಂಗಳೂರು ಹೆಂಚಿನ ಮಾಡಿನ ಹಾಗೆ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಎಷ್ಟು ಕ್ಲಿಪ್ ಹಾಕಿದರೂ ಅದು ಕೂರುವುದಿಲ್ಲ, ಏಕೆಂದರೆ ದೋಷ ಅಂಟಿನದಲ್ಲ, ಅಗಲದ್ದು.

ಇದಕ್ಕೂ ಒಂದು ಮಿತಿ ಇದೆ. ಪಟ್ಟಿಯನ್ನು ಅದರ ಅರ್ಧ ಅಗಲಕ್ಕಿಂತ ಸಣ್ಣ ಮಾಡಬಾರದು. ಮಾಡಿದರೆ ತುದಿ ಸೀಳುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ. ಮೂತಿಯಲ್ಲಿ 48ರ ಬದಲು 32 ಮಿ.ಮೀ. ಮಾತ್ರ ಇದ್ದರೆ ಒಂದೊಂದಕ್ಕೆ 2 ಮಿ.ಮೀ. ಬರುತ್ತದೆ, ಅರ್ಧಕ್ಕಿಂತ ಕಮ್ಮಿ. ಆಗ 16ರಲ್ಲಿ ನಾಲ್ಕು ಪಟ್ಟಿಗಳನ್ನು ಮೂತಿಗೆ ಮುಟ್ಟಿಸದೆ ಹಿಂದೆಯೇ ನಿಲ್ಲಿಸಿ, ಪಕ್ಕದ ಪಟ್ಟಿಯಲ್ಲಿ ಕಚ್ಚು ತೆಗೆದು ಸೇರಿಸಬೇಕು. ಹಿಂಭಾಗದಲ್ಲಿ ಇದರ ಉಲ್ಟಾ: ಅಂಚು 88 ಮಿ.ಮೀ.ಗೆ ಹಿಗ್ಗಿದ್ದರೆ 16 ಪಟ್ಟಿ ಸಾಲದೆ 8 ಮಿ.ಮೀ. ಸಂದು ಉಳಿಯುತ್ತದೆ. ಅಲ್ಲಿಗೆ ಸ್ಟೀಲರ್ ಅನ್ನುವ ಬೆಣೆಯಾಕಾರದ ತುಂಡು. ಇವೆರಡೂ ಕಲಿಯಲೇಬೇಕಾದ ವಿದ್ಯೆ, ಆದರೆ ಮೊದಲ ಒಡಲಿನಲ್ಲೇ ಎರಡೂ ಒಟ್ಟಿಗೆ ಎದುರಾಗುವುದು ಬೇಡ.

ಇದನ್ನು ದುಡ್ಡು ಕೊಡುವ ಮೊದಲೇ ಪರೀಕ್ಷಿಸಬಹುದು. ವ್ಯಾನ್‌ಗಾರ್ಡ್ ಮಾಡೆಲ್ಸ್, ಆಕ್ರೆ, ಮಾಡೆಲ್ ಎಕ್ಸ್‌ಪೋ ಮುಂತಾದವರು ಕಟ್ಟುವ ಸೂಚನೆಯ ಪಿಡಿಎಫ್‌ಗಳನ್ನು ತಮ್ಮ ಜಾಲತಾಣದಲ್ಲೇ ಹಾಕುತ್ತಾರೆ. ಅದರಲ್ಲಿ ಬಲ್ಕ್‌ಹೆಡ್‌ಗಳ ಚಿತ್ರವಿರುವ ಪುಟವನ್ನು ಮುದ್ರಿಸಿಕೊಳ್ಳಿ. ನಡುವಿನ ಬಲ್ಕ್‌ಹೆಡ್‌ನ ಅಂಚಿನ ಗುಂಟ ಒಂದು ದಾರ ಇಟ್ಟು ಅಳೆಯಿರಿ, ಮೂತಿಯ ಕಡೆಯ ಮೊದಲ ಬಲ್ಕ್‌ಹೆಡ್‌ಗೂ ಹಾಗೇ ಮಾಡಿ. ಪುಟ ಯಾವ ಅಳತೆಯಲ್ಲಿ ಮುದ್ರಣವಾಗಿದ್ದರೂ ಚಿಂತೆಯಿಲ್ಲ, ಬೇಕಾಗಿರುವುದು ಎರಡರ ಅನುಪಾತ ಮಾತ್ರ. ಮೂತಿಯದು ನಡುವಿನದರ ನೂರಕ್ಕೆ 60ಕ್ಕಿಂತ ಹೆಚ್ಚಿದ್ದರೆ ಬರೀ ಹೆರೆಯುವುದರಲ್ಲಿ ಮುಗಿಯುತ್ತದೆ. 50ಕ್ಕಿಂತ ಕಮ್ಮಿಯಾದರೆ ಆ ಕಿಟ್ ಎರಡನೆಯ ಹಡಗಿಗೆ ಇಟ್ಟುಕೊಳ್ಳಿ.

ಆಮೇಲೆ ಡೆಕ್ಕನ್ನು ಮೇಲಿನಿಂದ ತೋರಿಸುವ ಚಿತ್ರ ನೋಡಿ. ಮುಂದಿನ ತುದಿ ಮಾವಿನೆಲೆಯ ಹಾಗೆ ಚೂಪಾಗಿದ್ದರೆ ಪಟ್ಟಿ ನೆಟ್ಟಗೆ ಹೋಗಿ ಮೂತಿಗೆ ಸೇರುತ್ತದೆ. ಮೊರದ ಅಂಚಿನ ಹಾಗೆ ದುಂಡಗಿದ್ದರೆ, 1.5 ಮಿ.ಮೀ. ಪಟ್ಟಿಯನ್ನು ಎರಡು ಮೂರು ಸೆಂ.ಮೀ. ಉದ್ದದೊಳಗೆ ತೀರಾ ತಿರುಗಿಸಬೇಕಾಗುತ್ತದೆ, ನೀರು ಮತ್ತು ಶಾಖ ಎರಡೂ ಇಲ್ಲದೆ ಅದು ಆಗುವುದಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕಟ್ಟರ್ ಅನ್ನುವ ಹಡಗುಗಳು ನೋಡಲು ಪುಟ್ಟವು, ಒಂದೇ ಕಂಬ. ಆದರೆ ಮೂತಿ ದುಂಡು. ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ಸುಲಭ ಅಂದುಕೊಳ್ಳುವವರು ಇಲ್ಲೇ ಎಡವುತ್ತಾರೆ.

ಹಾಗಾದರೆ ಯಾವುದು ತಗೊಳ್ಳಬೇಕು? ಮರಗೆಲಸವನ್ನೇ ಮಾಡಿ ಗೊತ್ತಿಲ್ಲದವರಿಗೆ ನಾನು ಹೇಳುವುದು ಮಾಡೆಲ್ ಶಿಪ್‌ವೇಸ್‌ನ ಲೋವೆಲ್ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ, 1:24. ಮೀನುಗಾರರ ಚಪ್ಪಟೆ ತಳದ ದೋಣಿ. ಸಿಮಿಯನ್ ಲೋವೆಲ್ 1793ರಲ್ಲಿ ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ ಶುರು ಮಾಡಿದ ದೋಣಿಯ ಕಾರ್ಖಾನೆ ಇಂದಿಗೂ ಇದೆ. ಈ ಕಿಟ್‌ನಲ್ಲಿ ಬದಿಗೆ ಕೆಲವೇ ಹಲಗೆ, ಅವೂ ಲೇಸರ್‌ನಲ್ಲಿ ಆಕಾರಕ್ಕೆ ಕತ್ತರಿಸಿಯೇ ಬರುತ್ತವೆ. ಒಂದರ ಅಂಚಿನ ಮೇಲೆ ಇನ್ನೊಂದು ಕೂರುವ ಬಗೆ. ಎರಡು ಹಲಗೆ ಒಂದರ ಮೇಲೊಂದು ಬರುವ ಕಡೆ ಓರೆಯಾಗಿ ಹೆರೆಯುವುದು, ನೆನೆಸಿ ಬಗ್ಗಿಸುವುದು, ತೆಳು ಮರಕ್ಕೆ ಕ್ಲಿಪ್ ಹಾಕುವುದು, ಇಷ್ಟನ್ನು ಅಂಗೈ ಅಗಲದ ಕೆಲಸದಲ್ಲಿ ಕಲಿಸುತ್ತದೆ. ಇದೇ ಸರಣಿಯ ಮುಂದಿನ ಎರಡು, ನಾರ್ವೇಜಿಯನ್ ಸೇಲಿಂಗ್ ಪ್ರ್ಯಾಮ್ (1:12) ಮತ್ತು ಮಸ್ಕಾಂಗಸ್ ಬೇ ಲಾಬ್‌ಸ್ಟರ್ ಸ್ಮ್ಯಾಕ್ (1:24). ಪ್ರ್ಯಾಮ್‌ನಲ್ಲಿ ಹಾಯಿ ಬರುತ್ತದೆ. ಸ್ಮ್ಯಾಕ್‌ನಲ್ಲಿ ಬಲ್ಕ್‌ಹೆಡ್, ಕಂಬ, ಹಗ್ಗ ಎಲ್ಲ ಬರುತ್ತವೆ. ಮೂರನ್ನೂ ಕ್ರಮವಾಗಿ ಕಟ್ಟಿದವರಿಗೆ ಮುಂದೆ ಯಾವ ಕಿಟ್ ತೆರೆದರೂ ಗಾಬರಿಯಾಗುವುದಿಲ್ಲ. ಡೋರಿಗೆ ಹಾಯಿ ಇಲ್ಲವಲ್ಲ, ಅದು ಹಾಯಿಹಡಗೇ ಅಲ್ಲವಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಕೈಗೆ ಬೇಕಾದ ಅಭ್ಯಾಸ ಅದರಲ್ಲಿದೆ, ಅಷ್ಟು ಸಾಕು.

ಕತ್ತಿ, ಗರಗಸ ಹಿಡಿದು ಸ್ವಲ್ಪ ರೂಢಿ ಇದೆ, ನೇರವಾಗಿ ಹಡಗೇ ಬೇಕು ಅನ್ನುವವರಿಗೆ ವ್ಯಾನ್‌ಗಾರ್ಡ್‌ನ ಫಿಫಿ, ಹೆಸರು ಲೇಡಿ ಎಲೀನರ್, 1:64. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮೀನುಗಾರಿಕೆ ಹಡಗು. 1902ರಲ್ಲಿ ಕಟ್ಟಿದ ರೀಪರ್ ಅನ್ನುವ ನಿಜವಾದ ಫಿಫಿಯನ್ನು ಆನ್‌ಸ್ಟ್ರದರ್‌ನ ಮೀನುಗಾರಿಕೆ ವಸ್ತುಸಂಗ್ರಹಾಲಯದವರು ಇಂದಿಗೂ ಕಾಪಾಡಿಕೊಂಡಿದ್ದಾರೆ, ಅದರ ಫೋಟೋಗಳು ಬಣ್ಣ ಹಚ್ಚುವಾಗ ತುಂಬಾ ಉಪಯೋಗಕ್ಕೆ ಬರುತ್ತವೆ. ಫಿಫಿಯ ಮೂತಿಯೂ ಹಿಂಭಾಗವೂ ನೆಟ್ಟಗೆ ನಿಂತ ಚೂಪು. ತೋಪಿಲ್ಲ. ಲಗ್ ಅನ್ನುವ ನಾಲ್ಕು ಮೂಲೆಯ ಹಾಯಿಯ ಕಂಬಗಳಿಗೆ ಹಗ್ಗ ಬೆರಳೆಣಿಕೆಯಷ್ಟು. ಇನ್ನೊಂದು ದೊಡ್ಡ ಅನುಕೂಲ, ಒಡಲಿಗೆ ಪೂರ್ತಿ ಬಣ್ಣ. ಬಣ್ಣದ ಅಡಿಯಲ್ಲಿ ಪುಟ್ಟಿ ಕಾಣುವುದಿಲ್ಲ. ಮೊದಲ ಒಡಲನ್ನು ಬರೀ ಪಾಲಿಶ್ ಹಾಕಿ ಮರವಾಗಿಯೇ ಬಿಡುವ ಕಿಟ್‌ನಲ್ಲಿ ಒಂದೊಂದು ಸಂದೂ ಲೆಕ್ಕಕ್ಕೆ ಬರುತ್ತದೆ. ಸ್ಪೇನಿನ ಆಕ್ರೆಯವರ ಪೋಲಾರಿಸ್ (1:50) ಕೂಡ ಕಲಿಯುವವರಿಗೆಂದೇ ಇರುವುದು. ಹಂತಹಂತವಾಗಿ ಕಟ್ಟುವುದನ್ನು ವಿಡಿಯೋದಲ್ಲಿ ತೋರಿಸಿದ್ದಾರೆ, ಓದಿ ಮಾಡುವುದಕ್ಕಿಂತ ನೋಡಿ ಮಾಡುವವರಿಗೆ ಅದು ಹೊಂದುತ್ತದೆ.

ವಿಕ್ಟರಿಯ ಮೇಲಿನ ಮನಸ್ಸು ತೆಗೆಯಲಾಗದವರಿಗೆ ಒಂದು ದಾರಿ ಇದೆ. ವಿಕ್ಟರಿಯ ವಿನ್ಯಾಸ ಮಾಡಿದ ಸರ್ ಥಾಮಸ್ ಸ್ಲೇಡ್ ಅವರೇ ಶೆರ್ಬೋರ್ನ್ ಅನ್ನುವ ಕಟ್ಟರ್‌ನ ವಿನ್ಯಾಸವನ್ನೂ ಮಾಡಿದ್ದು. 1763ರಲ್ಲಿ ವುಲ್ವಿಚ್‌ನಲ್ಲಿ ನೀರಿಗಿಳಿಯಿತು. ಡೆಕ್ಕಿನ ಉದ್ದ 54 ಅಡಿ ಚಿಲ್ಲರೆ, 1:64ರಲ್ಲಿ 26 ಸೆಂ.ಮೀ.; ಬೋಸ್ಪ್ರಿಟ್, ಹಾಯಿಯ ಕೆಳಗಿನ ಬೂಮ್ ಕಂಬ ಸೇರಿ ಅರ್ಧ ಮೀಟರಿನ ಹತ್ತಿರ. ಕ್ಯಾಲ್ಡರ್‌ಕ್ರಾಫ್ಟ್ ಮತ್ತು ವ್ಯಾನ್‌ಗಾರ್ಡ್ ಇಬ್ಬರೂ ಇದೇ ಅಳತೆಯಲ್ಲಿ ಕಿಟ್ ಮಾಡಿದ್ದಾರೆ. ಮೂತಿ ದುಂಡು ಅನ್ನುವ ಎಚ್ಚರಿಕೆಯೊಂದಿಗೆ, ಎರಡನೆಯ ಹಡಗಾಗಿ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ.

ಹಗ್ಗದ ಕೆಲಸವನ್ನೂ ಕೊಳ್ಳುವ ಮೊದಲೇ ಎಣಿಸಿ. ಕಂಬವನ್ನು ಪಕ್ಕಕ್ಕೆ ಹಿಡಿದು ನಿಲ್ಲಿಸುವ ಶ್ರೌಡ್‌ಗಳಿಗೆ ಅಡ್ಡಡ್ಡ ಕಟ್ಟುವ ಏಣಿಮೆಟ್ಟಿಲು, ರ‍್ಯಾಟ್‌ಲೈನ್. ಒಂದು ಬದಿಗೆ 6 ಶ್ರೌಡ್, 20 ಸಾಲು ಇದ್ದರೆ 120 ಗಂಟು; ಎರಡು ಬದಿಗೆ 240. ಇದು ಒಂದೇ ಕಂಬದ್ದು. ಅಳತೆಯೂ ಮುಖ್ಯ. 1:64ರಲ್ಲಿ 1.7 ಮೀಟರ್ ಮನುಷ್ಯ 27 ಮಿ.ಮೀ.; 1:98ರಲ್ಲಿ 17 ಮಿ.ಮೀ. ಮನುಷ್ಯ ಅಷ್ಟಾದರೆ ಅವನು ಎಳೆಯುವ ಹಗ್ಗ ಎಷ್ಟು ಸಪೂರ ಅಂತ ಅಂದಾಜು ಮಾಡಿ. ಕನ್ನಡಕದ ವಯಸ್ಸಿನವರು 1:64ಕ್ಕಿಂತ ಸಣ್ಣದಕ್ಕೆ ಹೋಗಬೇಡಿ.

ಸಾಮಾನುಗಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಪೂರ ಬ್ಲೇಡಿನ ಚಾಕು, 15 ಸೆಂ.ಮೀ. ಸ್ಟೀಲ್ ಸ್ಕೇಲು, 120, 240, 400 ನಂಬರಿನ ಉಜ್ಜುಕಾಗದವನ್ನು ಚಪ್ಪಟೆ ಕಡ್ಡಿಗೆ ಅಂಟಿಸಿಕೊಂಡದ್ದು, ಚಿಮುಟ, ಸಣ್ಣ ಅರಗಳು, ಅರ್ಧದಿಂದ ಒಂದು ಮಿ.ಮೀ. ಬಿಟ್‌ಗಳಿರುವ ಕೈ ಡ್ರಿಲ್, ಎರಡು ಡಜನ್ ಬೈಂಡರ್ ಕ್ಲಿಪ್ ಮತ್ತು ಬಟ್ಟೆ ಕ್ಲಿಪ್. ಪಟ್ಟಿ ಬಗ್ಗಿಸಲು ಬೇರೆ ಯಂತ್ರ ಬೇಡ: ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿ, ಕೂದಲು ನೇರ ಮಾಡುವ ಸ್ಟ್ರೈಟ್‌ನರ್‌ನ ಕಾದ ಮೈಗೆ ಒತ್ತಿ ನಿಧಾನವಾಗಿ ಬಗ್ಗಿಸಿದರೆ ಸಾಕು. ಬಗ್ಗಿಸಿದ ಪಟ್ಟಿಯನ್ನು ಅದರ ಜಾಗದಲ್ಲೇ ಕ್ಲಿಪ್ ಹಾಕಿ ಪೂರ್ತಿ ಒಣಗಲು ಬಿಡಿ, ಅಂಟು ಆಮೇಲೆ. ಒದ್ದೆ ಮರ ಅಡ್ಡಕ್ಕೆ ಉಬ್ಬಿರುತ್ತದೆ. ಹಾಗೇ ಅಂಟಿಸಿದರೆ ಒಣಗಿದ ಮೇಲೆ ಕುಗ್ಗಿ, ಎರಡು ಪಟ್ಟಿಗಳ ನಡುವೆ ಬೆಳಕು ಕಾಣುವಷ್ಟು ಸಂದು ಬೀಳುತ್ತದೆ.

ಹಲಗೆ ಕೂರಿಸುವ ಮೊದಲು ಬಲ್ಕ್‌ಹೆಡ್‌ಗಳ ಅಂಚನ್ನು ಓರೆಯಾಗಿ ಉಜ್ಜುವುದನ್ನು ಯಾರೂ ಬಿಡಬೇಡಿ. ಲೇಸರ್‌ನಲ್ಲಿ ಕತ್ತರಿಸಿದ ಅಂಚು ಚೌಕವಾಗಿರುತ್ತದೆ, ಒಡಲಾದರೋ ಮೂತಿಯ ಕಡೆಗೆ ಓರೆಯಾಗಿ ಹೋಗುತ್ತದೆ. ಒಂದು ಪಟ್ಟಿಯನ್ನು ಮೂರು ನಾಲ್ಕು ಬಲ್ಕ್‌ಹೆಡ್‌ಗಳ ಮೇಲೆ ಒರಗಿಸಿ ನೋಡಿ. ಎಲ್ಲ ಅಂಚಿನ ಪೂರ್ತಿ ದಪ್ಪಕ್ಕೂ ಅದು ತಾಗಬೇಕು. ಬರೀ ಮೂಲೆಗೆ ತಾಗಿದರೆ ಅಂಟು ಹಿಡಿಯುವುದು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ. ಹಿಂತುದಿಯಲ್ಲಿ ಚುಕ್ಕಾಣಿ ಹಿಡಿಯುವ ನಿಲುವುಮರದ ಬಳಿ ಬೆನ್ನೆಲುಬಿನ ಪ್ಲೈವುಡ್ಡನ್ನೂ ತೆಳು ಮಾಡಬೇಕು. ಎರಡು ಬದಿಯ ಎರಡೆರಡು ಪದರ ಅಲ್ಲಿ ಒಟ್ಟು ಸೇರುತ್ತವೆ, ತೆಳು ಮಾಡದಿದ್ದರೆ ಚುಕ್ಕಾಣಿಗಿಂತ ಅದರ ಮುಂದಿನ ಮರವೇ ದಪ್ಪವಾಗುತ್ತದೆ. ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಅಂತ ಬದಲಾಯಿಸುತ್ತಾ ಹೋಗಿ. ಒಂದೇ ಬದಿ ಮುಗಿಸಲು ಹೊರಟರೆ ಆ ಎಳೆತಕ್ಕೆ ಬೆನ್ನೆಲುಬು ಬಾಳೆಹಣ್ಣಿನಂತೆ ಸೊಟ್ಟಗಾಗುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ.

ಅಂಟಿಗೆ ಬಡಗಿಗಳ ಮಾಮೂಲಿ ಫೆವಿಕಾಲ್ ಎಸ್‌ಎಚ್ ಸಾಕು. ಮಳೆಗಾಲದಲ್ಲಿ ಗೋಡೆಯೇ ಬೆವರುವ ಕರಾವಳಿ, ಮಲೆನಾಡಿನ ಮನೆಗಳಿಗೆ ನೀರು ತಡೆಯುವ ಫೆವಿಕಾಲ್ ಮರೀನ್ ಒಳ್ಳೆಯದು. ಫೆವಿಕ್ವಿಕ್ ಅವಸರಕ್ಕೆ ಬೇಕು, ಆದರೆ ಕಾಣುವ ಮರದ ಮೇಲೆ ಬೇಡ: ಬಿಳಿ ಮಚ್ಚೆ ಬಿಡುತ್ತದೆ, ಅದು ಹೀರಿದ ಕಡೆ ಮರಕ್ಕೆ ಹಚ್ಚುವ ಬಣ್ಣ, ಸ್ಟೇನ್, ಹಿಡಿಯುವುದಿಲ್ಲ. ಫೆವಿಕಾಲ್ ಹೊರಗೆ ಉಕ್ಕಿದರೂ ಸ್ಟೇನ್‌ಗೆ ಇದೇ ಗತಿ, ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿ. ಕಿಟ್‌ನ ದಾರ ಹತ್ತಿಯದಾದರೆ ತೇವಕ್ಕೆ ಬಿಗಿಯುತ್ತದೆ, ಬೇಸಿಗೆಯಲ್ಲಿ ಜೋಲುತ್ತದೆ. ಅದರ ಬದಲು ಪಾಲಿಯೆಸ್ಟರ್ ದಾರ ತಂದು ಜೇನುಮೇಣದ ಮೇಲೆ ಎರಡು ಸಲ ಎಳೆದು ಬಳಸಿ, ಎದ್ದ ಎಳೆಗಳೂ ಮಲಗುತ್ತವೆ.

ಕರಾವಳಿಯವರಿಗೆ ನಮ್ಮದೇ ಹಾಯಿಹಡಗಾದ ಪತ್ತೇಮಾರಿ ಕಟ್ಟುವ ಆಸೆ ಬರುವುದು ಸಹಜ. ಮಂಗಳೂರಿನ ಹೆಂಚು ಮುಂಬಯಿಗೆ ಹೋದದ್ದೇ ಅದರಲ್ಲಿ. ಆ ಆಸೆ ಬಿಡಬೇಡಿ. ಕಿಟ್‌ನ ಎರಡು ಒಡಲು ಕಟ್ಟಿದ ಕೈಗೆ ನಕ್ಷೆ ನೋಡಿ ಬಲ್ಕ್‌ಹೆಡ್ ತಾವೇ ಕತ್ತರಿಸಿಕೊಳ್ಳುವ ಧೈರ್ಯ ಬರುತ್ತದೆ.

ಕೊಳ್ಳುವ ವಿಷಯದಲ್ಲಿ ಎರಡು ಮಾತು. ವಿದೇಶದಿಂದ ತರಿಸಿದರೆ ಕಿಟ್‌ನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ವೆಚ್ಚವನ್ನೂ ಸೇರಿಸಿಕೊಂಡು ಸುಂಕ ಹಾಕುತ್ತಾರೆ. ಪೆಟ್ಟಿಗೆ ಉದ್ದವಾದಷ್ಟೂ ಸಾಗಣೆ ಏರುತ್ತದೆ. ಚಿಕ್ಕ ದೋಣಿಯಿಂದ ಶುರು ಮಾಡಲು ಇದೂ ಒಂದು ಕಾರಣ. ಇನ್ನೊಂದು, ಹೆಸರಾಂತ ಕಿಟ್‌ನ ಫೋಟೋ ಹಾಕಿ ಕಾಲು ಬೆಲೆಗೆ ಮಾರುವ ಕದ್ದ ಪ್ರತಿಗಳು. ಅವುಗಳಲ್ಲಿ ನಕ್ಷೆ ಮಸುಕು, ಪ್ಲೈವುಡ್ ಡೊಂಕು, ತುಂಡು ಕಮ್ಮಿ ಬಂದರೆ ಕೇಳಲು ಯಾರೂ ಇಲ್ಲ. ಕಷ್ಟಪಟ್ಟು ನಕ್ಷೆ ಬಿಡಿಸಿದವರ ಕೆಲಸ ಅದು, ಕದ್ದದ್ದನ್ನು ಕೊಳ್ಳಬೇಡಿ.

ಪೆಟ್ಟಿಗೆ ಬಂದ ದಿನವೇ ತೆರೆಯಿರಿ. ಬೆನ್ನೆಲುಬಿನ ಹಲಗೆಯನ್ನು ಗಾಜಿನ ಮೇಲೆ ಮಲಗಿಸಿ ನಾಲ್ಕೂ ಕಡೆ ಬೆರಳಲ್ಲಿ ಒತ್ತಿ. ಒಂದು ತುದಿ ಒತ್ತಿದಾಗ ಇನ್ನೊಂದು ತುದಿ ಏಳುತ್ತಿದ್ದರೆ ಅದು ಡೊಂಕು. ಸ್ವಲ್ಪವಾದರೆ ನೆನೆಸಿ, ಎರಡು ಗಾಜಿನ ನಡುವೆ ಭಾರ ಹೇರಿ ಎರಡು ದಿನ ಇಟ್ಟರೆ ಸರಿಹೋಗುತ್ತದೆ. ಹೆಚ್ಚಿದ್ದರೆ ಫೋಟೋ ತೆಗೆದು ಮಾರಿದವರಿಗೆ ಕಳಿಸಿ ಬದಲಿ ಕೇಳಿ. ಪಟ್ಟಿಗಳನ್ನು ಎಣಿಸಿ, ಪಟ್ಟಿಗೆ ಪಟ್ಟಿ ಬಣ್ಣ ತಾಳೆ ನೋಡಿ, ಗಂಟಿರುವುದನ್ನು, ಎಳೆ ಓರೆಯಾಗಿರುವುದನ್ನು ಬೇರೆ ಎತ್ತಿಡಿ. ಅವು ಮೊದಲ ಪದರದ ನಡುಭಾಗಕ್ಕೆ, ಬಾಗು ಇಲ್ಲದ ಕಡೆಗೆ. ನೆಟ್ಟಗಿನ ಎಳೆಯ ಒಳ್ಳೆಯ ಪಟ್ಟಿಗಳನ್ನು ಮೂತಿಗೆಂದು ಕಟ್ಟು ಕಟ್ಟಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಹಾಕಿಡಿ.